ಕಾರವಾರದ ಕನಸು, ಮರ್ಮಗೋವಾದ ಹಳಿ

ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬಿತ್ತುವುದು ಶ್ರಾವಣ, ಭಾದ್ರಪದಗಳಲ್ಲಿ. ಕಾಯಿ ಒಡೆದು ಹೊಲ ಬೆಳ್ಳಗಾಗುವುದು ಮಾಘ ಕಳೆಯುತ್ತ ಬಂದಾಗ. ಬಿಡಿಸಿ, ಕಾಳು ಬೇರ್ಪಡಿಸಿ, ಅಂಡಿಗೆ ಕಟ್ಟಿ, ಗಾಡಿಗೆ ಹೇರುವಷ್ಟರಲ್ಲಿ ಯುಗಾದಿ ದಾಟಿರುತ್ತಿತ್ತು. ಅಲ್ಲಿಂದ ಮೃಗಶಿರಾ ಮಳೆ ಹಿಡಿಯುವವರೆಗೆ ಉಳಿಯುತ್ತಿದ್ದುದು ಎರಡೇ ತಿಂಗಳು. ಅಷ್ಟರೊಳಗೆ ಹತ್ತಿ ಸುಮಾರು 100 ಮೈಲಿ ಸಾಗಿ, ಸಹ್ಯಾದ್ರಿಯನ್ನು ಇಳಿದು, ಕಡಲದಂಡೆ ಮುಟ್ಟಿ, ಮುಂಬಯಿಯತ್ತ ಹಾಯಿ ಬಿಚ್ಚಬೇಕಿತ್ತು. ತಪ್ಪಿದರೆ, ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ನಾವೆಗಳು ಮತ್ತೆ ಹೊರಡುವವರೆಗೆ ಅಂಡಿಗೆಗಳು ಗೋದಾಮಿನಲ್ಲೇ ಥಂಡಿ ಹಿಡಿದು ಬಿದ್ದಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ, ಕಾರವಾರ, ಮರ್ಮಗೋವಾಗಳ ನಡುವೆ ನಡೆದ ಪೈಪೋಟಿಯ ಹಿಂದೆ ಇದ್ದುದು ಈ ಎರಡು ತಿಂಗಳ ಅವಸರ. ಮಳೆಗಾಲದಲ್ಲೂ ಹಡಗು ನಿಲ್ಲಿಸಿಕೊಳ್ಳಬಲ್ಲ ಬಂದರು ಯಾವುದೋ, ಆ ಬಂದರಿಗೆ ಘಟ್ಟದ ಮೇಲಿನ ಸಂಪತ್ತನ್ನು ಇಳಿಸುವ ದಾರಿ ಯಾವುದೋ, ಅದರ ಒಡೆತನ ಯಾರ ಕೈಯಲ್ಲೋ ಎಂಬ ಪ್ರಶ್ನೆಗೆ ಮೂರು ಸರಕಾರಗಳೂ ಎರಡು ಖಂಡಗಳ ವ್ಯಾಪಾರಿಗಳೂ ಅರ್ಧ ಶತಮಾನ ತಲೆ ಕೊಟ್ಟರು.

ಮೊದಲ ಮರ್ಯಾದೆ ಕುಮಟೆಗೆ ಸಲ್ಲಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕೆನರಾ ಜಿಲ್ಲೆ ಕಂಪನಿ ಸರಕಾರದ ಪಾಲಾದ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗಿನ ಹತ್ತಿ ಇಳಿಯುತ್ತಿದ್ದುದು ಹೆಚ್ಚಾಗಿ ಅಲ್ಲಿಗೇ. ಅಲ್ಲಿ ಹೇಳಿಕೊಳ್ಳುವಂಥ ಬಂದರೇನೂ ಇರಲಿಲ್ಲ. ತೆರೆದ ಕಡಲು, ಸಣ್ಣದೊಂದು ಹೊಳೆಬಾಯಿ. ದೊಡ್ಡ ನಾವೆಗಳು ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ದೋಣಿಗಳು ಅಂಡಿಗೆ ಹೊತ್ತು ಅಲೆಯ ಮೇಲೆ ಏರಿಳಿಯುತ್ತ ಅವುಗಳ ಪಕ್ಕಕ್ಕೆ ಹೋಗಿ ಸರಕು ಏರಿಸುತ್ತಿದ್ದವು. ಆದರೂ ಕುಮಟೆಗೆ ಒಂದು ಬಲವಿತ್ತು: ಶಿರಸಿಯಿಂದ ದೇವಿಮನೆ ಘಟ್ಟದ ಮೂಲಕ ಇಳಿಯುವ ದಾರಿ. ಹಿಂದೆ ಲಂಬಾಣಿಗರ ಹೇರೆತ್ತುಗಳ ಸಾಲು ಅದೇ ಕಾಡಿನಲ್ಲಿ ಇಳಿಯುತ್ತಿತ್ತು. ಬೆನ್ನಿನ ಎರಡು ಪಕ್ಕಕ್ಕೂ ಹತ್ತಿ ಹೇರಿಕೊಂಡು ಬಂದ ಎತ್ತು ಬರಿಬೆನ್ನಿನಲ್ಲಿ ಹಿಂದಿರುಗುತ್ತಿರಲಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಅಡಿಕೆ ಹೊತ್ತು ಬಯಲುಸೀಮೆಗೆ ಏರುತ್ತಿತ್ತು. ಮುಂದೆ ಗಾಡಿರಸ್ತೆಯಾದ ಮೇಲೂ ಈ ಕೊಡುಕೊಳ್ಳುವಿಕೆ ಹಾಗೆಯೇ ನಡೆಯಿತು. ಬರುವಾಗ ಹತ್ತಿ, ಹೋಗುವಾಗ ಉಪ್ಪು ಇದ್ದುದರಿಂದ ಗಾಡಿ ಬಾಡಿಗೆ ಕೈಗೆಟಕುವಂತಿತ್ತು. ಮುಂಬಯಿ ಪೇಟೆಯಲ್ಲಿ ಧಾರವಾಡದ ನಾಡಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತುಬಿಟ್ಟಿತು. ಎಲ್ಲೋ ನವಲಗುಂದದ ಹೊಲದಲ್ಲಿ ಬೆಳೆದ ಬೆಳೆಯನ್ನು ಸಮುದ್ರಪಾರದ ದಲ್ಲಾಳಿಯೂ ಅದು ಹಡಗು ಹತ್ತಿದ ಊರಿನ ಹೆಸರಿನಿಂದಲೇ ಕರೆದ.

ಕಾರವಾರದ ಹಿರಿಮೆ ಇದಕ್ಕಿಂತ ಹಳೆಯದು, ಆದರೆ ನಡುವೆ ಕಡಿದುಹೋದದ್ದು. 1638ರಲ್ಲಿಯೇ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿ ತೆರೆದಿದ್ದರು. ಆಗಿನ ಪೇಟೆ ಇದ್ದುದು ಕಾಳಿ ನದಿಯ ಒಳಗೆ, ಕಡವಾಡದ ಕಡೆ. ಕಾಳುಮೆಣಸು, ಘಟ್ಟದ ಮೇಲಿನ ನೇಕಾರರ ನಯವಾದ ಬಟ್ಟೆ ಅವರನ್ನು ಕರೆತಂದಿದ್ದವು. 1665ರಲ್ಲಿ ಶಿವಾಜಿಯ ದಂಡು ಬಾಗಿಲಿಗೆ ಬಂದಾಗ ಕೋಠಿಯವರು ಕಪ್ಪಕಾಣಿಕೆಯ ತಮ್ಮ ಪಾಲು ತೆತ್ತು ಉಳಿದುಕೊಂಡರು. 1752ರ ಹೊತ್ತಿಗೆ ಕೋಠಿ ಮುಚ್ಚಿತು. ಸೋದೆ ಅರಸರು ಕಟ್ಟಿಸಿದ ಸದಾಶಿವಗಡದ ಕೋಟೆ ಅಳಿವೆಯ ಉತ್ತರ ದಂಡೆಯಲ್ಲಿ ಉಳಿಯಿತು. ದಕ್ಷಿಣದ ದಂಡೆಯಲ್ಲಿ ಮೀನುಗಾರರ ಕೇರಿಗಳು, ಗದ್ದೆ, ಮರಳು.

ಮರಳಿದ್ದರೂ ಕೊಲ್ಲಿ ಮಾತ್ರ ದೇವರು ಕೊಟ್ಟಿದ್ದು. ದಕ್ಷಿಣಕ್ಕೆ ಚಾಚಿಕೊಂಡ ಗುಡ್ಡದ ತುದಿ ನೈಋತ್ಯದ ಗಾಳಿಯನ್ನು ತಡೆಯುತ್ತದೆ. ಅದರ ಮಡಿಲಲ್ಲಿ ಬೈತಖೋಲದ ಒಳಕೊಲ್ಲಿ. ಮುಂದೆ ಕೂರ್ಮಗಡ, ದೇವಗಡ ನಡುಗಡ್ಡೆಗಳು ಕಾವಲಿಗೆ ನಿಂತಿವೆ. ಸ್ವಲ್ಪ ದಕ್ಷಿಣಕ್ಕೆ ಪೋರ್ಚುಗೀಸರ ಅಂಜದೀವ. ಮುಂಬಯಿಗೂ ಕೊಚ್ಚಿಗೂ ನಡುವೆ ಇಂಥ ಆಸರೆ ಕೊಡುವ ಜಾಗಗಳು ಬೆರಳೆಣಿಕೆಯಷ್ಟು. ಉತ್ತರಕ್ಕೆ 50 ಮೈಲಿಗಿಂತ ಕಡಿಮೆ ದೂರದಲ್ಲಿ, ಜುವಾರಿ ನದಿಯ ಮುಖದಲ್ಲಿ ಇನ್ನೊಂದಿತ್ತು: ಮರ್ಮಗೋವಾ. ಅದು ಗೋವೆಯದು, ಲಿಸ್ಬನ್ನಿನ ಆಳ್ವಿಕೆಯದು. ಸಂಭಾಜಿಯ ದಾಳಿಗೆ ಬೆದರಿದ ಪೋರ್ಚುಗೀಸರು ಹದಿನೇಳನೆಯ ಶತಮಾನದ ಕೊನೆಯಲ್ಲಿ ತಮ್ಮ ರಾಜಧಾನಿಯನ್ನೇ ಆ ಗುಡ್ಡದ ಮೇಲೆ ಕಟ್ಟಲು ಹೊರಟು ಕೈಬಿಟ್ಟಿದ್ದರು. ಅಂದಿನಿಂದ ಅದು ಕೋಟೆಗೋಡೆ ಹೊತ್ತ ಒಂದು ಬೋಳು ಮೂಲೆಯಾಗಿತ್ತು.

ಈ ಎರಡೂ ಕೊಲ್ಲಿಗಳನ್ನು ಎಬ್ಬಿಸಿದ್ದು ದೂರದ ಲ್ಯಾಂಕಷೈರಿನ ಗಿರಣಿಗಳ ಸಂಕಟ. ಗಿರಣಿಗಳ ಹೊಟ್ಟೆ ತುಂಬುತ್ತಿದ್ದುದು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ. ಅದೊಂದನ್ನೇ ನೆಚ್ಚಿದರೆ ಅಪಾಯವೆಂದು ತಿಳಿದ ಮ್ಯಾಂಚೆಸ್ಟರಿನವರು 1857ರಲ್ಲಿ ಹತ್ತಿ ಪೂರೈಕೆಗೆಂದೇ ಒಂದು ಸಂಘ ಕಟ್ಟಿದರು. ಅದರ ಬೆನ್ನಿಗೇ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಅವರ ಕಣ್ಣು ಧಾರವಾಡದ ಮೇಲೆ ಬಿದ್ದದ್ದಕ್ಕೆ ಕಾರಣವಿದೆ. 1840ರ ದಶಕದಲ್ಲಿ ಕಂಪನಿ ಸರಕಾರ ಇಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿ ಗೆದ್ದಿತ್ತು. ಹಿಂದುಸ್ಥಾನದ ಬಹುತೇಕ ಕಡೆ ಸೋತ ಆ ಬೀಜ ಧಾರವಾಡದ ಮಣ್ಣಿಗೆ ಒಗ್ಗಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಪಡೆದಿತ್ತು. ಎಳೆ ಉದ್ದ, ಲ್ಯಾಂಕಷೈರಿನ ಯಂತ್ರಕ್ಕೆ ಹೊಂದುವಂಥದು. ಅದನ್ನು ಮುಂಬಯಿಯ ಮಧ್ಯವರ್ತಿಗಳ ಕೈಗೆ ಕೊಡದೆ, ಬೆಳೆದಲ್ಲೇ ಕೊಂಡು, ಹತ್ತಿರದ ಬಂದರಿನಲ್ಲೇ ಬಿಗಿದು ಒತ್ತಿ, ನೇರ ಲಿವರ್‌ಪೂಲಿಗೆ ಹಡಗೇರಿಸಬೇಕೆಂಬುದು ಅವರ ಬಯಕೆ. ಕಂಪನಿಯ ಕಡೆಯಿಂದ ಹೇವುಡ್ ಎಂಬ ಅಧಿಕಾರಿ 1861ರಲ್ಲಿ ಬಂದು ಹತ್ತಿ ಸೀಮೆ ಸುತ್ತಿದ. ಬಂದರಿಗೆ ಸದಾಶಿವಗಡದ ಕೊಲ್ಲಿಯೇ ತಕ್ಕದ್ದೆಂದು ಗೊತ್ತಾಯಿತು. ಅದೇ ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ದಕ್ಷಿಣದ ರೇವುಗಳಿಗೆ ದಿಗ್ಬಂಧನ ಬಿತ್ತು. ಬಯಕೆ ಈಗ ಪ್ರಾಣಸಂಕಟವಾಯಿತು.

ಇಂಗ್ಲೆಂಡಿನಿಂದ ಅಂಡಿಗೆ ಒತ್ತುವ ಯಂತ್ರಗಳು ಹಡಗೇರಿ ಬಂದವು. ಬಂದಾಗ ಕಂಡದ್ದೇನು? ಭಾರದ ಕಬ್ಬಿಣ ಇಳಿಸಲು ಧಕ್ಕೆಯಿಲ್ಲ. ಇಳಿಸಿದರೆ ಇಡಲು ಕಟ್ಟಡವಿಲ್ಲ. ಹತ್ತಿ ಇಳಿದು ಬರಲು ಘಟ್ಟದಲ್ಲಿ ರಸ್ತೆ ಮುಗಿದಿಲ್ಲ. ಕಡಲತೀರದ ಮರಳಿನಲ್ಲಿ ಬಿದ್ದ ಆ ಯಂತ್ರಭಾಗಗಳನ್ನು ನೆನೆದಾಗ ನನಗೆ ಆ ಕಾಲದ ಆಡಳಿತದ ರೀತಿಯೇ ಎದುರಿಗೆ ಬರುತ್ತದೆ. ಹಣವಿದ್ದವರಿಗೆ ಕಾಡು ಗೊತ್ತಿರಲಿಲ್ಲ. ಕಾಡು ಬಲ್ಲ ಮದ್ರಾಸಿನ ಅಧಿಕಾರಿಗಳಿಗೆ ಆ ಹತ್ತಿಯಲ್ಲಿ ಪಾಲಿರಲಿಲ್ಲ. ತೊಡಕಿನ ಮೂಲ ಇಲ್ಲಿತ್ತು: ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಂದರೂ ಘಟ್ಟದ ರಸ್ತೆಯೂ ಮದ್ರಾಸ್ ಪ್ರಾಂತದಲ್ಲಿ. ಮುಂಬಯಿಯ ಲಾಭಕ್ಕೆ ಮದ್ರಾಸ್ ಏಕೆ ಬೊಕ್ಕಸ ಬಿಚ್ಚಬೇಕು? ಕೆಲಸ ಕುಂಟಿತು, ಮ್ಯಾಂಚೆಸ್ಟರಿನವರು ಸಂಸತ್ತಿನಲ್ಲಿ ಕೂಗೆಬ್ಬಿಸಿದರು. ಭಾರತ ಮಂತ್ರಿ ಸರ್ ಚಾರ್ಲ್ಸ್ ವುಡ್‌ ಮೇಲೆ ದೂರುಗಳ ಮಳೆ ಸುರಿಯಿತು.

ಇದಕ್ಕೆ ಕಂಡುಕೊಂಡ ಪರಿಹಾರ ನಮ್ಮ ನಾಡಿನ ಚರಿತ್ರೆಯಲ್ಲಿ ಆಳವಾದ ಗೆರೆ ಎಳೆಯಿತು. ಕೆನರಾ ಜಿಲ್ಲೆಯನ್ನು ಆಗಲೇ ಉತ್ತರ, ದಕ್ಷಿಣ ಎಂದು ಒಡೆಯಲಾಗಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕುಂದಾಪುರ ತಾಲ್ಲೂಕು ಮದ್ರಾಸಿಗೇ ಉಳಿಯಿತು. ಒಂದೇ ಕರಾವಳಿ, ಒಂದೇ ಯಕ್ಷಗಾನದ ಚೆಂಡೆ, ಒಂದೇ ಮನೆತನಗಳ ಕೊಟ್ಟು ತಂದ ನಂಟು. ಆದರೆ ಭಟ್ಕಳದವನ ಅರ್ಜಿ ಮುಂಬಯಿಗೆ, ಬೈಂದೂರಿನವನ ಅರ್ಜಿ ಮದ್ರಾಸಿಗೆ. ಶಾಲೆಯ ಪಠ್ಯ ಬೇರೆ, ಕಂದಾಯದ ಪದ್ಧತಿ ಬೇರೆ, ಕಚೇರಿಯ ಮೇಲುಭಾಷೆ ಬೇರೆಯಾಗಿ ಹೋದವು. ಉತ್ತರ ಕೆನರಾದ ಕನ್ನಡ ಮಕ್ಕಳು ಮರಾಠಿಯ ನೆರಳಿನಲ್ಲಿ ಓದಬೇಕಾಗಿ ಬಂದುದಕ್ಕೂ ಮ್ಯಾಂಚೆಸ್ಟರಿನ ಮಗ್ಗಗಳಿಗೂ ಇರುವ ಈ ನಂಟನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಹತ್ತಿಯ ಅಂಡಿಗೆಗಾಗಿ ಎಳೆದ ಆ ಗೆರೆ ಅಳಿಸಿದ್ದು 1956ರ ನವೆಂಬರ್ 1ರಂದು, 94 ವರ್ಷಗಳ ಮೇಲೆ.

ಮುಂಬಯಿ ಸರಕಾರ ಕೆಲಸಕ್ಕೆ ಕೈಹಾಕಿದ್ದು ನಿಜ. ಜಿಲ್ಲೆಯ ಮುಖ್ಯ ಠಾಣೆಯನ್ನು ಹೊನ್ನಾವರದಿಂದ ಕಾರವಾರಕ್ಕೆ ತಂದಿತು. ಮೀನುಗಾರರ ಕೇರಿಗಳ ನಡುವೆ ಕಚೇರಿ, ಕೋರ್ಟು, ಸುಂಕದ ಕಟ್ಟೆ ಎದ್ದವು. ದೇವಗಡದ ಬಂಡೆಯ ಮೇಲೆ ದೀಪಸ್ತಂಭ ನಿಂತಿತು. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಬರುವ ರಸ್ತೆ ಸಿದ್ಧವಾಯಿತು. ಹತ್ತಿಯ ಬೆಲೆ ಕಂಡು ಕೇಳರಿಯದಷ್ಟು ಏರಿದ್ದ ಕಾಲವದು. ಧಾರವಾಡದ ರೈತ ಜೋಳದ ಹೊಲವನ್ನೂ ಹತ್ತಿಗೆ ಬಿಟ್ಟ. ಲಾಭದ ಆಸೆಗೆ ಅಂಡಿಗೆಯೊಳಗೆ ಹತ್ತಿಕಾಳು, ಮಣ್ಣು, ನೀರು ಬೆರೆಸುವವರು ಹೆಚ್ಚಿ, 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲೆಂದೇ ಕಾಯಿದೆ ತಂದಿತು. ಕುಮಟೆಯ ವ್ಯಾಪಾರಿಗಳಿಗೆ ನೆರೆಯೂರಿನ ಈ ಏಳಿಗೆ ಹಿಡಿಸುವುದು ಸಾಧ್ಯವಿರಲಿಲ್ಲ. ತಲೆಮಾರುಗಳ ವಖಾರಿ, ಗಾಡಿಕಾರರ ಪರಿಚಯ, ಉಪ್ಪಿನ ಮರುಹೇರು ಎಲ್ಲವೂ ಇದ್ದುದು ಅವರಲ್ಲಿ. ಸರಕಾರದ ಹಣ ಹರಿಯುತ್ತಿದ್ದುದು ಕಾರವಾರಕ್ಕೆ. ಹೇಗಿದ್ದರೂ ಗಾಡಿಕಾರ ತನ್ನ ಹಳೆಯ ಜಾಡು ಸುಲಭವಾಗಿ ಬಿಡಲಿಲ್ಲ. ಹೊಸ ಬಂದರು ತೆರೆದ ಮೇಲೂ ದೇವಿಮನೆಯಲ್ಲಿ ಹತ್ತಿಗಾಡಿಗಳ ಗಂಟೆಸದ್ದು ನಿಲ್ಲಲಿಲ್ಲ.

1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನೆ ಶರಣಾಯಿತು. ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯ ಷೇರುಪೇಟೆ ಮಗುಚಿತು. ಮ್ಯಾಂಚೆಸ್ಟರ್ ಕಂಪನಿಯಂತೂ ಅದಕ್ಕೂ ಮೊದಲೇ ಬಾಗಿಲು ಹಾಕಿಕೊಂಡಿತ್ತು. ಕಾರವಾರಕ್ಕೆ ಉಳಿದದ್ದು ಅರ್ಧ ಕಟ್ಟಿದ ಬಂದರು ಮತ್ತು ಒಂದು ಬೇಡಿಕೆ. ಆ ಬೇಡಿಕೆ ಹುಬ್ಬಳ್ಳಿಗೆ ರೈಲು. ಗಾಡಿರಸ್ತೆಯಿಂದ ಬಂದರು ಬೆಳೆಯದು, ಎತ್ತು ಹತ್ತು ದಿನದಲ್ಲಿ ಎಳೆಯುವುದನ್ನು ಉಗಿಬಂಡಿ ಒಂದು ದಿನದಲ್ಲಿ ಎಳೆಯಬೇಕು ಎಂಬುದನ್ನು ಎಲ್ಲರೂ ಒಪ್ಪಿದ್ದರು. ಸಮೀಕ್ಷೆಗಳಾದವು, ವರದಿಗಳಾದವು, ಕಲ್ಕತ್ತೆಗೂ ಲಂಡನ್ನಿಗೂ ಕಾಗದಗಳು ಓಡಾಡಿದವು. ಘಟ್ಟ ಇಳಿಸುವ ಖರ್ಚಿನ ಮುಂದೆ ಪ್ರತಿಸಲವೂ ಮಾತು ನಿಂತಿತು. ಆಗ ಧಾತು, ಈಶ್ವರ ಸಂವತ್ಸರಗಳ ಬರ ಬಂತು. 1876ರಿಂದ 78ರವರೆಗೆ ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಯಲ್ಲಿ ಜನ ದನ ಸತ್ತ ಲೆಕ್ಕ ಇಡುವವರಿಲ್ಲದಂತಾಯಿತು. ಕಡಲ ದಾರಿಯಲ್ಲಿ ಬಂದ ಧಾನ್ಯವನ್ನು ಘಟ್ಟ ಹತ್ತಿಸಲು ಎತ್ತುಗಳೇ ಇರಲಿಲ್ಲ, ಇದ್ದವಕ್ಕೆ ಮೇವಿರಲಿಲ್ಲ. ಬಂದರಿನಲ್ಲಿ ಅಕ್ಕಿಯಿದ್ದು ಬಯಲಿನಲ್ಲಿ ಜನ ಹಸಿದು ಸಾಯುವುದನ್ನು ಕಂಡ ಮೇಲೆ ದಕ್ಷಿಣ ಮರಾಠಾ ಸೀಮೆಗೆ ರೈಲು ಹಾಕಲೇಬೇಕೆಂಬ ಮಾತು ಗಟ್ಟಿಯಾಯಿತು. ರೈಲು ಬರುವುದು ನಿಶ್ಚಯವಾಯಿತು. ಯಾವ ಬಂದರಿಗೆ ಎಂಬುದೊಂದು ಉಳಿಯಿತು.

ಅದರ ತೀರ್ಮಾನ ಹುಬ್ಬಳ್ಳಿಯಲ್ಲೂ ಆಗಲಿಲ್ಲ, ಕಾರವಾರದಲ್ಲೂ ಆಗಲಿಲ್ಲ. 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಇಂಗ್ಲೆಂಡ್, ಪೋರ್ಚುಗಲ್ ಒಪ್ಪಂದಕ್ಕೆ ಸಹಿ ಬಿತ್ತು. ಆ ಕಡೆ ಮಂತ್ರಿ ಆಂದ್ರಾದೆ ಕೊರ್ವೊ, ಈ ಕಡೆ ರಾಯಭಾರಿ ರಾಬರ್ಟ್ ಮೋರಿಯರ್. ಗೋವೆಗೂ ಬ್ರಿಟಿಷ್ ಭಾರತಕ್ಕೂ ನಡುವಿನ ಸುಂಕದ ಗಡಿ ಅಳಿಯಬೇಕು, ಮರ್ಮಗೋವಾದಿಂದ ಬ್ರಿಟಿಷ್ ಸೀಮೆಗೆ ರೈಲು ಹಾಕಬೇಕು, ಬಂದರು ಕಟ್ಟಬೇಕು. ಪ್ರತಿಯಾಗಿ ಗೋವೆಯ ಉಪ್ಪು ಮತ್ತು ಅಬಕಾರಿಯ ಹಿಡಿತ ಬ್ರಿಟಿಷರಿಗೆ. ಗೋವೆ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಪರಿಹಾರ. 1880ರ ಜನವರಿಯಿಂದ 12 ವರ್ಷ ಇದು ನಡೆಯಿತು. ಗೋವೆಯ ಉಪ್ಪಿನಾಗರಗಳು ಪಾಳುಬಿದ್ದವು. ಸೇಂದಿ ಇಳಿಸುವವರ ಹೊಟ್ಟೆಗೆ ಕಲ್ಲು ಬಿತ್ತು. ಎಷ್ಟೋ ಕುಟುಂಬಗಳು ಮುಂಬಯಿಗೆ ವಲಸೆ ಹೋದವು. ತಮ್ಮ ನೆಲಕ್ಕೆ ಬಂದರು ಬರುತ್ತದೆಂದು ಹಿಗ್ಗಬೇಕಾದ ಗೋವೆಯ ಬಡವರು ಅದರ ಬೆಲೆಯನ್ನು ಮೊದಲೇ ತೆತ್ತರು. ಕಾರವಾರದ ಸೋಲನ್ನು ಹೇಳುವಾಗ ಇದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ.

ಕಾರವಾರಕ್ಕೆ ಬಿದ್ದ ಪೆಟ್ಟು ನೇರವಾದದ್ದು. ಎರಡು ಬಂದರಿಗೆ ಎರಡು ಘಟ್ಟದ ರೈಲು ಹಾಕುವಷ್ಟು ಹತ್ತಿ ಧಾರವಾಡದಲ್ಲಿರಲಿಲ್ಲ. ಬೇರೊಂದು ಸರಕಾರದ ಬಡ್ಡಿ ಖಾತರಿಯಲ್ಲಿ ಘಟ್ಟದ ಹಳಿ ಬರುವುದಾದರೆ ತಮ್ಮ ಬೊಕ್ಕಸ ಏಕೆ ಮುಟ್ಟಬೇಕೆಂದು ಬ್ರಿಟಿಷರು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1881ರಲ್ಲಿ ಲಂಡನ್ನಿನ ಬಂಡವಾಳಗಾರರು ಕರಾರು ಮಾಡಿಕೊಂಡು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ ಕಟ್ಟಿದರು. ಲಿಸ್ಬನ್ ಸರಕಾರ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತರಿ ಕೊಟ್ಟಿತು. ಮರುವರ್ಷ ಈಚೆ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿ. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಆ ಭವ್ಯ ಕಟ್ಟಡ ಎದ್ದದ್ದು ಈ ರೈಲಿಗಾಗಿ. ಹುಬ್ಬಳ್ಳಿಯಲ್ಲಿ ವರ್ಕ್‌ಶಾಪು ಬಂತು. ಲೋಂಡಾ ದಾಟಿ ಹಳಿ ಕ್ಯಾಸಲ್‌ರಾಕ್‌ನತ್ತ ಸಾಗಿತು.

ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಇಳಿಜಾರು ಆ ಕಾಲದ ದುಡಿಮೆಯ ದೊಡ್ಡ ಸಾಹಸ. 40 ಅಡಿ ಸಾಗಿದರೆ 1 ಅಡಿ ಇಳಿಯುವ ಕಡಿದಾದ ದಾರಿ. ಕರಿಬಂಡೆ ಕೊರೆದು ಸುರಂಗ ತೆಗೆಯಬೇಕು. ದೂಧಸಾಗರದ ಜಲಪಾತದ ಎದೆಗೇ ಸೇತುವೆ ಕಟ್ಟಬೇಕು. ಮಳೆ ಹಿಡಿದರೆ ಗುಡ್ಡವೇ ಜಾರಿ ಬರುತ್ತದೆ, ಮಳೆ ಬಿಟ್ಟರೆ ಕಾಡುಜ್ವರ. ಬಂಡೆ ಒಡೆದ ವಡ್ಡರ, ಬುಟ್ಟಿ ಹೊತ್ತ ಹೆಂಗಸರ ಹೆಸರು ಯಾವ ಕಂಪನಿಯ ವರದಿಯಲ್ಲೂ ಸಿಗುವಂಥದಲ್ಲ. ಇವತ್ತಿಗೂ ರೈಲು ದೂಧಸಾಗರ ದಾಟುವುದು ಅವರು ಅಂದು ಕೊರೆದ ಬಂಡೆಯ ಅಂಚಿನಲ್ಲೇ. ಕೆಳಗೆ ಮರ್ಮಗೋವಾದಲ್ಲಿ ಅಲೆತಡೆಯ ಗೋಡೆ, ಧಕ್ಕೆ ಏಳುತ್ತಿದ್ದವು. ಹಳಿಯ ಬದಿಗೆ ವಾಸ್ಕೊ ಎಂಬ ಹೊಸ ಊರೇ ಬೆಳೆಯಿತು. 1888ರಲ್ಲಿ ಗಡಿಯಿಂದ ಬಂದರಿನವರೆಗಿನ 51 ಮೈಲಿ ದಾರಿ ಪೂರ್ತಿ ತೆರೆಯಿತು. ಮಳೆಗಾಲದಲ್ಲೂ ಹಡಗಿನ ಪಕ್ಕಕ್ಕೇ ರೈಲು ನಿಲ್ಲುವ ಬಂದರು, ಎರಡು ತಿಂಗಳ ಅವಸರಕ್ಕೆ ಕೊನೆ, ಕಡೆಗೂ ಸಾಧ್ಯವಾಗಿತ್ತು.

ಈ ಹಳಿ ಏಳುತ್ತಿದ್ದ ಹೊತ್ತಿನಲ್ಲೇ, 1883ರಲ್ಲಿ, ಕಾರವಾರಕ್ಕೆ ಒಬ್ಬ ತರುಣ ಬಂದ. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಿಲ್ಲಾ ನ್ಯಾಯಾಧೀಶ. ತಮ್ಮನಿಗೆ 22 ವರ್ಷ, ಹೆಸರು ರವೀಂದ್ರನಾಥ. ಗಾಳಿಮರಗಳ ಸಾಲು ಹೊದ್ದ ದಂಡೆ, ಅರ್ಧಚಂದ್ರದಂತೆ ಬಾಗಿದ ಕೊಲ್ಲಿ, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯ ಪಯಣ, ಇವೆಲ್ಲ ಅವರ ಮನಸ್ಸು ತುಂಬಿದವು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲಿಯೇ. ಕಾರವಾರದವರು ಇದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಇಪ್ಪತ್ತು ವರ್ಷ ಹಿಂದಿನ ಲೆಕ್ಕಾಚಾರ ನಿಜವಾಗಿದ್ದರೆ ಆ ದಂಡೆಯ ಮೇಲೆ ಅಂಡಿಗೆಗಳ ರಾಶಿ, ಉಗಿಯಂತ್ರಗಳ ಹೊಗೆ, ಲಿವರ್‌ಪೂಲಿಗೆ ಹೊರಡುವ ಹಡಗುಗಳ ಕೂಗು ಇರುತ್ತಿದ್ದವು. ಕವಿಯನ್ನು ಒಲಿಸಿಕೊಂಡ ಆ ನೀರವಕ್ಕೆ ಕಾರಣ, ಬರಬೇಕಾದ ಹಳಿ ಬಾರದೆ ಹೋದದ್ದು.

ಗೆದ್ದ ಮರ್ಮಗೋವಾ ಏನು ಗಳಿಸಿತು? ಇದನ್ನು ವಿಚಾರಿಸಿದರೆ ಗೆಲುವಿನ ಬಣ್ಣ ಬಹಳ ಬೇಗ ಮಾಸುತ್ತದೆ. ಸದರ್ನ್ ಮರಾಠಾ ರೈಲ್ವೆ ಲೋಂಡಾದಿಂದ ಬೆಳಗಾವಿ, ಮಿರಜ ಮಾರ್ಗವಾಗಿ ಇನ್ನೊಂದು ಹಳಿ ಹಾಕಿ 1890ರ ಹೊತ್ತಿಗೆ ಪುಣೆ ಮುಟ್ಟಿತು. ಈಗ ಹುಬ್ಬಳ್ಳಿಯ ಹತ್ತಿಗೆ ಲೋಂಡಾದಲ್ಲಿ ಎರಡು ದಾರಿ. ಪಶ್ಚಿಮಕ್ಕೆ ತಿರುಗಿದರೆ ಕೆಲವೇ ತಾಸಿನಲ್ಲಿ ಕಡಲು. ಉತ್ತರಕ್ಕೆ ಹೋದರೆ ನೂರಾರು ಮೈಲಿ ದೂರದ ಮುಂಬಯಿ. ಹತ್ತಿ ಉತ್ತರಕ್ಕೆ ಹೋಯಿತು. ಮುಂಬಯಿಯಲ್ಲಿ ಕೊಳ್ಳುವವನಿದ್ದ, ಸಾಲ ಕೊಡುವ ಬ್ಯಾಂಕಿತ್ತು, ಹುಂಡಿ ನಡೆಯುತ್ತಿತ್ತು, ಸ್ವದೇಶಿ ಗಿರಣಿಗಳೇ ಹತ್ತಿಗೆ ಬಾಯಿ ತೆರೆದಿದ್ದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನ ದೊಡ್ಡ ಉಗಿಹಡಗುಗಳು ಬಂದು ನಿಲ್ಲುತ್ತಿದ್ದುದೂ ಅಲ್ಲಿಯೇ. ಎಲ್ಲ ಸರಕೂ ಒಟ್ಟಾಗುವ ಊರು ಬಿಟ್ಟು, ಒಂದು ಸೀಮೆಯ ಹತ್ತಿಗಾಗಿ ಹಡಗು ಇನ್ನೊಂದು ಬಂದರಿಗೆ ಏಕೆ ಬರಬೇಕು? ಕುಮಟೆ, ಕಾರವಾರ, ಮರ್ಮಗೋವಾಗಳು ಒಂದರ ಬಾಯಿಯ ತುತ್ತಿಗೆ ಇನ್ನೊಂದು ಕೈಹಾಕುತ್ತಿದ್ದಾಗ ಮುಂಬಯಿ ಮೂರರ ತಟ್ಟೆಯನ್ನೂ ತನ್ನ ಮುಂದೆ ಎಳೆದುಕೊಂಡಿತ್ತು. 1862ರಲ್ಲಿ ಕಾರವಾರವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟದ್ದು ಅದನ್ನು ಬೆಳೆಸಲೆಂದೇ ಇರಬಹುದು. ನನಗೆ ತೋರುವ ಮಟ್ಟಿಗೆ, ತನಗಿಂತ ಬಲವಾದ ಬಂದರಿನ ಆಡಳಿತದಡಿ ಸಿಕ್ಕ ಬಂದರು ಏಳುವುದು ಕಷ್ಟವೆಂಬುದನ್ನು ಆಗ ಯಾರೂ ಯೋಚಿಸಲಿಲ್ಲ.

1892ರ ಜನವರಿಯಲ್ಲಿ ಒಪ್ಪಂದದ ಅವಧಿ ಮುಗಿಯಿತು, ಮುಂದುವರಿಯಲಿಲ್ಲ. ಗಡಿಯಲ್ಲಿ ಸುಂಕದ ಗೋಡೆ ಮತ್ತೆ ಎದ್ದಿತು. ಕ್ಯಾಸಲ್‌ರಾಕ್‌ನಲ್ಲಿ ರೈಲು ನಿಲ್ಲಿಸಿ ಪೆಟ್ಟಿಗೆ ಬಿಚ್ಚಿಸುವ ಕಾಲ ಬಂತು. ರೈಲಿನ ಹುಟ್ಟುವಳಿ ಬಡ್ಡಿಗೂ ಸಾಲದೆ ಲಿಸ್ಬನ್ ವರ್ಷವರ್ಷವೂ ಕೈಯಿಂದ ತುಂಬಿಕೊಡಬೇಕಾಯಿತು. 1902ರಲ್ಲಿ ಆ ರೈಲನ್ನು ನಡೆಸುವ ಹೊಣೆ ಸದರ್ನ್ ಮರಾಠಾ ರೈಲ್ವೆಯ ಕೈಗೆ ಹೋಯಿತು. ಮುಂದೆ ಸಂಡೂರಿನ ಮ್ಯಾಂಗನೀಸ್ ಅದಿರು ಇಳಿಯತೊಡಗಿದ ಮೇಲೆ ಮರ್ಮಗೋವಾ ಮತ್ತೆ ಉಸಿರಾಡಿತು. ಅದಿರಿಗೆ ಬೇಕಾದ್ದು ಹತ್ತಿರದ ಆಳವಾದ ನೀರು. ಹುಂಡಿ, ದಲ್ಲಾಳಿಗಳ ಮುಂಬಯಿ ಅದಕ್ಕೆ ಬೇಕಿರಲಿಲ್ಲ.

ಕುಮಟೆಯ ಹಳೆಯ ವಖಾರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾರವಾರ ಜಿಲ್ಲೆಯ ಮುಖ್ಯ ಊರಾಗಿ, ಕಚೇರಿಗಳ ಊರಾಗಿ ಉಳಿಯಿತು. ಮುಂಬಯಿಗೆ ಹೋಗುವ ಕರಾವಳಿಯ ಆಗುಬೋಟು ಅಲ್ಲಿ ನಿಲ್ಲುತ್ತಿತ್ತು, ಕಾಡಿನ ಮರಮುಟ್ಟು ಅಲ್ಲಿ ಹಡಗೇರುತ್ತಿತ್ತು. ಅದಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಅದೂ ಕೊಂಕಣ ರೈಲ್ವೆಯಾಗಿ ಕರಾವಳಿಯುದ್ದಕ್ಕೂ ಹಾಸಿಕೊಂಡು. ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಹಳಿ ಇನ್ನೂ ಬಂದಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗವೆಂದು ಈಗ ಅದರ ಹೆಸರು. ಒಂದು ಕಾಲಕ್ಕೆ ಹತ್ತಿಗಾಗಿ ಕೇಳಿದ್ದ ದಾರಿಯನ್ನು ನಮ್ಮ ಕಾಲದಲ್ಲಿ ಬಳ್ಳಾರಿಯ ಅದಿರಿಗಾಗಿ ಕೇಳಲಾಯಿತು. ಅಡ್ಡ ನಿಂತಿರುವುದು ಈಗ ಖರ್ಚಿಗಿಂತ ಹೆಚ್ಚಾಗಿ ಯಲ್ಲಾಪುರದ ಕಾಡು. ಅದನ್ನು ಕಡಿಯಬೇಕೋ ಬಾರದೋ ಎಂಬ ವ್ಯಾಜ್ಯ ಕಚೇರಿಯಿಂದ ಕೋರ್ಟಿಗೆ, ಕೋರ್ಟಿನಿಂದ ಸಮಿತಿಗೆ ಅಲೆದಿದೆ.